ಭಾವನಿಗೊಂದು ಹೊದಿಕೆ

ಸುಗ್ಗಿಯ ಕಾಣಿಕೆ ಆರಾಧನೆ ಹತ್ತಿರ ಬಂತೆಂದರೆ ನಾನು ಪೇಟೆಗೆ ಹೇಳಿಕಳಿಸಿ ಗಾಯ ಹೊಲಿಯುವ ದಾರ ತರಿಸಿಟ್ಟುಕೊಳ್ಳುತ್ತೇನೆ. ಜನ ದೇವರಿಗೆ ಸಂತೋಷದಿಂದ ಕೊಡುವ ಕಾಲ ಅದು. ನಮ್ಮ ಬೊಂಡೊ ಲಾರಾದಲ್ಲಿ ಆ ಸಂತೋಷ ಸಾಮಾನ್ಯವಾಗಿ ತುಟಿ ಒಡೆದುಕೊಂಡೋ ಹುಬ್ಬು ಸೀಳಿಕೊಂಡೋ ನನ್ನ ಮೇಜಿನ ಮುಂದೆ ಬಂದು ಕೂರುತ್ತದೆ. ಸರ್ಕಾರಿ ಔಷಧ ಕೇಂದ್ರ ಅಂದರೆ ಇಲ್ಲಿ ನಾನು, ಆ ಮೇಜು, ಬೀಗ ಕೆಟ್ಟ ಒಂದು ಕಪಾಟು. ಜನ ನನ್ನನ್ನು ಕಂಪೌಂಡರ್ ಅನ್ನುತ್ತಾರೆ. ರಕ್ತ ಜಾಸ್ತಿ ಹೋಗುತ್ತಿದ್ದರೆ ಡಾಕ್ಟ್ರೇ ಅನ್ನುತ್ತಾರೆ.

ಕಾಣಿಕೆ ಎತ್ತುವವನು ಓಬೆದ್ ಲೆಂದೆ, ನಮ್ಮ ಕ್ರೈಸ್ತ ಸಭೆಯ ಯಜಮಾನ. ಹರೆಯದಲ್ಲಿ ಲೆಂದೆ ಕುದುರೆ ಕದಿಯುತ್ತಿದ್ದ. ಸುಂಬಾ ದ್ವೀಪದ ಈ ಪಡುವಣ ಮೂಲೆಯಲ್ಲಿ ಅದು ಮುಚ್ಚಿಡುವಂಥ ಸಂಗತಿಯಲ್ಲ. ಹೆಣ್ಣು ಕೊಡುವವರು ಮೊದಲು ವಿಚಾರಿಸುತ್ತಿದ್ದುದೇ ಹುಡುಗ ಎಷ್ಟು ಸಲ ಸಿಕ್ಕಿಬೀಳದೆ ಬಂದಿದ್ದಾನೆ ಎಂದು. ಅವನ ಜೊತೆಗಾರ ಪಿಯಾತಿ. ಇಬ್ಬರೂ ಬೆಟ್ಟದಾಚೆ ಹೋಗಿ ಇನ್ನೊಬ್ಬರ ಕುದುರೆ ಹೊಡೆದುಕೊಂಡು ಬರುತ್ತಿದ್ದರು. ಆಮೇಲೆ ಪಿಯಾತಿ ಲೆಂದೆಯ ಅಕ್ಕ ಕೋನಿಯನ್ನು ಮದುವೆಯಾಗಿ, ಅದೇ ಕುದುರೆಗಳನ್ನು ಹೆಣ್ಣಿನ ತೆರ ಎಂದು ಲೆಂದೆಯ ಅಪ್ಪನಿಗೇ ಕೊಟ್ಟ. ಕಾಲ ತಿರುಗಿತು. ಲೆಂದೆಗೆ ದೀಕ್ಷಾಸ್ನಾನ ಆಯಿತು, ಹೆಸರಿನ ಮುಂದೆ ಓಬೆದ್ ಬಂತು, ಕದಿಯುವುದನ್ನು ಬಿಟ್ಟು ಕೇಳಿ ತೆಗೆದುಕೊಳ್ಳುವುದನ್ನು ಕಲಿತ. ಕುದುರೆಗಳಿಗೆ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

ಕೇಳುವ ರೀತಿ ಹೀಗೆ. ಸೊಂಟಕ್ಕೆ ಮಚ್ಚು ಕಟ್ಟಿದ ನಾಲ್ಕು ಜನ, ಮುಂದೆ ಎಲೆಅಡಿಕೆ ಚೀಲ ಹಿಡಿದ ಲೆಂದೆ, ಜಗಲಿಯ ಮೇಲೆ ಬಂದು ಕೂರುತ್ತಾರೆ. ಎಲೆ ಮುಂದಿಟ್ಟು ಕೇಳಿದವನಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಒಂದು ವರ್ಷ ತಂಗು ಅನ್ನುವವನು, ಹೆಂಡತಿ ಬಾಣಂತಿ, ಈ ಹಂದಿ ಒಂದನ್ನು ಬಿಡಿ ಅಂದ. ಅವನ ಮುಂದಿನ ಹಲ್ಲುಗಳನ್ನು ನಾನು ಜಗಲಿಯ ಸಂದಿಯಿಂದ ಹೆಕ್ಕಿದೆ. ಭಾನುವಾರ ಅವನೇ ಹಂದಿಯನ್ನು ಹೊತ್ತು ತಂದು, ಬಾತ ಬಾಯಲ್ಲಿ, "ಮನಸಾರೆ ಕೊಡ್ತಿದೀನಿ," ಅಂದ. ಹಾಗೆ ಅನ್ನಬೇಕೆಂದು ಪಾದ್ರಿಯಮ್ಮ ಮರ್ಲಿನಾ ನಿಯಮ ಮಾಡಿದ್ದರು.

ಪಾದ್ರಿಯಮ್ಮ ರೋತೆ ದ್ವೀಪದವರು. ಒಳ್ಳೆಯವರು, ಅಂದರೆ ಎಲ್ಲರನ್ನೂ ನಂಬುವವರು. ನಮ್ಮ ಮಾತು ಅವರಿಗೆ ಬಾರದು. ಅವರು ಸರ್ಕಾರಿ ಭಾಷೆಯಲ್ಲಿ ಉಪದೇಶ ಮಾಡುತ್ತಿದ್ದರು, ಲೆಂದೆ ಪಕ್ಕದಲ್ಲಿ ನಿಂತು ಮುದುಕರಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದ.

"ಕೊಡಬೇಕು ಅಂತ ಮನಸ್ಸಿಗೆ ಬಂದವರು ಮಾತ್ರ ಕೊಡಿ," ಅಂದರು ಪಾದ್ರಿಯಮ್ಮ ಮರುವರ್ಷ. "ಹೆದರಿ ಕೊಟ್ಟದ್ದು, ನಾಚಿ ಕೊಟ್ಟದ್ದು ದೇವರಿಗೆ ಬೇಡ. ಬರಿಗೈಲಿ ಬಂದವರನ್ನೂ ದೇವರು ಅಷ್ಟೇ ಪ್ರೀತಿಸುತ್ತಾನೆ."

"ಅಮ್ಮಾವ್ರು ಹೇಳ್ತಾರೆ," ಅಂದ ಲೆಂದೆ, "ಕೊಡೋಕೆ ಮನಸಿಲ್ಲದವನಿಗೆ ಗುಂಡಿಗೆ ಇಲ್ಲ. ಅಂಥವನ ಮನೆ ಎಲ್ಲಿದೆ ಅಂತ ದೇವರಿಗೂ ಗೊತ್ತು, ನಮಗೂ ಗೊತ್ತು."

ಎರಡೂ ಭಾಷೆ ಬಲ್ಲ ಹುಡುಗರು ಮೊಣಕಾಲು ನೋಡಿಕೊಂಡು ನಕ್ಕರು. ಇಷ್ಟುದ್ದದ ಮಾತಿಗೆ ಅಷ್ಟೇ ಅನುವಾದವೇ ಎಂದು ಪಾದ್ರಿಯಮ್ಮ ಹುಬ್ಬೇರಿಸಿದರು. "ನಮ್ಮ ಭಾಷೆ ಗಟ್ಟಿ, ಅಮ್ಮಾ," ಅಂದ ಲೆಂದೆ.

ಪಿಯಾತಿ ಸತ್ತದ್ದು ಆ ವಾರವೇ. ಊರಿಗೆಲ್ಲ ದೀಕ್ಷೆಯಾದ ಮೇಲೂ ಹಳೆಯ ದಾರಿಯಲ್ಲಿ ಉಳಿದವನು ಅವನೊಬ್ಬ. ಕೊನೆಗಾಲದಲ್ಲಿ ಪಾದ್ರಿಯಮ್ಮ ಹೋಗಿ ಸ್ವರ್ಗದ ವಿಷಯ ಹೇಳಿದಾಗ, "ಅಲ್ಲಿ ಕುದುರೆ ಒಳಗೆ ಬಿಡ್ತಾರಾ?" ಎಂದು ಕೇಳಿದನಂತೆ. ಅಲ್ಲಿ ಕುದುರೆಯ ಅಗತ್ಯವೇ ಇಲ್ಲ ಅಂದರು ಅಮ್ಮ. "ಹಾಗಾದ್ರೆ ಬೇಡ ತಾಯಿ, ನೀವು ಹೋಗಿ ಬನ್ನಿ," ಅಂದನಂತೆ.

ಸತ್ತವನನ್ನು ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಿಸಿ, ಬಟ್ಟೆಯ ಮೇಲೆ ಬಟ್ಟೆ ಸುತ್ತಿ, ಮನೆಯ ಬಲಮೂಲೆಯಲ್ಲಿ ಕೂರಿಸಿದ್ದರು. ಕೋನಿ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಳು. ಅವನು ಹೊರಡಲು ಎರಡು ಬೇಕು. ಅವನು ಹತ್ತುತ್ತಿದ್ದ ಕುದುರೆಯನ್ನು ಅವನ ಹೆಸರು ಹೇಳಿ ಕಡಿಯಬೇಕು, ಇಲ್ಲವಾದರೆ ಸತ್ತ ಹಿರಿಯರ ಊರಿಗೆ ನಡೆದೇ ಹೋಗಬೇಕು, ನಡೆದು ಬಂದವನನ್ನು ಅಲ್ಲಿ ಆಳು ಅಂದುಕೊಳ್ಳುತ್ತಾರೆ. ಇನ್ನೊಂದು, ಎಲ್ಲದರ ಮೇಲಿನ ಕೊನೆಯ ಹೊದಿಕೆ. ಅದು ಹೆಂಡತಿಯ ತವರಿನಿಂದ ಬರಬೇಕು. ಅದು ಬಾರದೆ ಕಲ್ಲುಗೋರಿಯ ಮುಚ್ಚಳ ತೆಗೆಯುವ ಹಾಗಿಲ್ಲ. ಕುದುರೆ ಮಗ ರೆಹಿಯ ಹತ್ತಿರ ಇತ್ತು. ಹೊದಿಕೆ ಲೆಂದೆಯ ಪೆಟ್ಟಿಗೆಯಲ್ಲಿತ್ತು.

ನಾನು ಆ ಮಧ್ಯಾಹ್ನ ಸಾವಿನ ಮನೆಗೆ ಮಾತಾಡಿಸಲು ಹೋಗಿ ಜಗಲಿಯಲ್ಲಿ ಕೂತಿದ್ದೆ. ಲೆಂದೆ ತನ್ನ ನಾಲ್ವರ ಜೊತೆ ಬಂದ. ಅವನ ಕೈಯಲ್ಲಿ ಬಟ್ಟೆ ಇರಲಿಲ್ಲ, ಎಲೆಅಡಿಕೆ ಚೀಲ ಇತ್ತು.

"ಅಳಿಯ," ಅಂದ ರೆಹಿಗೆ, "ಇವತ್ತು ನಾನು ನಿನ್ನ ಸೋದರಮಾವ ಆಗಿ ಬಂದಿಲ್ಲ. ಸಭೆ ಕಡೆಯಿಂದ ಬಂದಿದೀನಿ."

"ಸೋದರಮಾವ ಯಾವಾಗ ಬರ್ತಾನಂತೆ?" ಅಂದಳು ರೆಹಿಯ ಹೆಂಡತಿ ವಾದಾ, ಬಾಗಿಲ ಮರೆಯಿಂದ. "ಬಟ್ಟೆ ತರಬೇಕಾದೋನು ಅವನು."

"ಹೆಂಗಸಿಗೆ ಬಾಯಿ ಇರೋದು ಎಲೆ ಹಾಕ್ಕೊಳ್ಳೋಕೆ."

"ಹಾಕ್ಕೊಂಡೇ ಮಾತಾಡ್ತಿದೀನಿ."

ಲೆಂದೆಯ ಹಿಂದಿನವರಲ್ಲಿ ಒಬ್ಬ ನಕ್ಕ. ಲೆಂದೆ ತಿರುಗಿ ನೋಡಿದ ಮೇಲೆ ನಗು ಕೆಮ್ಮಾಯಿತು.

"ನೋಡು ರೆಹಿ. ನೀನು ದೀಕ್ಷೆ ತಗೊಂಡೋನು. ಸತ್ತೋರಿಗೆ ಕುದುರೆ ಕಡಿಯೋದು ನಿಂಗೆ ಸಲ್ಲದು. ಅಂದ್ಮೇಲೆ ಆ ಕುದುರೆ ಸುಮ್ನೆ ಹುಲ್ಲು ತಿನ್ಕೊಂಡು ನಿಂತಿದೆ. ಸಭೆಗೆ ಕೊಡು. ಸಂತೇಲಿ ಮಾರಿ ದೇವರ ಮನೆಗೆ ತಗಡು ಹಾಕಿಸ್ತೀವಿ."

"ಅಪ್ಪ ನಡ್ಕೊಂಡು ಹೋಗ್ಬೇಕಾ, ಮಾವ?"

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಂಗೂ ಗೊತ್ತು."

ಲೆಂದೆ ಎಲೆ ಅಗಿದು ಅಂಗಳಕ್ಕೆ ಉಗುಳಿದ. "ನಡೀಲಿ. ಬದುಕಿರೋವಾಗ ಕಾಲು ನೆಲಕ್ಕೆ ತಾಗಿಸಿದೋನಲ್ಲ."

ಒಳಗಿಂದ ಕೋನಿಯ ದನಿ ಬಂತು. "ತಮ್ಮಾ, ಬಟ್ಟೆ ತಂದಿದೀಯಾ?"

"ಕುದುರೆ ಭಾನುವಾರ ಸಭೆಗೆ ಬರಲಿ ಅಕ್ಕ. ಬಟ್ಟೆ ಸೋಮವಾರ ಬರುತ್ತೆ."

"ಕುದುರೆ ಬರದಿದ್ರೆ?"

"ಭಾವ ಹಿಂಗೇ ಕೂತಿರಲಿ. ಅವನಿಗೇನು ಅವಸರ ಈಗ."

ಲೆಕ್ಕ ಎಲ್ಲರಿಗೂ ಅರ್ಥವಾಗಿತ್ತು. ಕುದುರೆ ಕೊಟ್ಟರೆ ಪಿಯಾತಿ ಹೊದ್ದುಕೊಂಡು ನಡೆದುಹೋಗಬೇಕು. ಕೊಡದಿದ್ದರೆ ಮೂಲೆಯಲ್ಲಿ ಕೂತು ಕೊಳೆಯಬೇಕು.

"ಕೊಡಲ್ಲ," ಅಂದ ರೆಹಿ.

ಲೆಂದೆ ಸೊಂಟದಿಂದ ಮಚ್ಚನ್ನು ಒರೆಯ ಸಮೇತ ಬಿಚ್ಚಿ ಅಳಿಯನ ಕಿವಿಗೆ ಬಾರಿಸಿದ. ರೆಹಿ ಎದ್ದು ನಿಂತ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಸೋದರಮಾವನ ಮೇಲೆ ಕೈ ಎತ್ತಿದವನ ಹೆಂಡತಿಯ ಬಸಿರು ನಿಲ್ಲುವುದಿಲ್ಲ, ಅವನು ಬಿತ್ತಿದ್ದು ಮೊಳೆಯುವುದಿಲ್ಲ. ಇದನ್ನು ನಾವು ಯಾವ ದೀಕ್ಷೆಯಲ್ಲೂ ತೊಳೆದುಕೊಂಡಿಲ್ಲ. ಲೆಂದೆಗೂ ಅದು ಗೊತ್ತು, ಆದ್ದರಿಂದ ಆರಾಮವಾಗಿ ಹೊಡೆದ. ಭುಜ, ಪಕ್ಕೆಲುಬು, ಮತ್ತೆ ಕಿವಿ. ಮರದ ಒರೆ ಬಿರುಕುಬಿಟ್ಟು ಅಲಗಿನ ಅಂಚು ಹೊರಬಂತು. ಮುಂದಿನ ಏಟಿಗೆ ಕಿವಿಯ ಹಾಲೆ ಹರಿದು ಜೋತುಬಿತ್ತು. ವಾದಾ ನುಗ್ಗಿ ಬಂದಳು. ಒಬ್ಬ ಅವಳ ಜಡೆ ಹಿಡಿದೆಳೆದು ಕಂಬಕ್ಕೆ ಒತ್ತಿ ನಿಲ್ಲಿಸಿದ. ಅವಳು ಅವನ ಮುಂಗೈ ಕಚ್ಚಿ, ಕಚ್ಚಿದ್ದನ್ನು ಬಿಡದೆ ನಿಂತಳು. ಕಚ್ಚಿಸಿಕೊಂಡವನು ಮರ್ಯಾದೆಗಾಗಿ ಕೂಗಲಿಲ್ಲ.

"ಯಜಮಾನ್ರೇ, ಸಾಕು," ಅಂದೆ ನಾನು. "ದಾರ ಸ್ವಲ್ಪಾನೇ ಇದೆ. ಭಾನುವಾರಕ್ಕೂ ಬೇಕು."

ಲೆಂದೆ ನಿಲ್ಲಿಸಿದ. ನನ್ನ ಮಾತಿನಲ್ಲಿ ನ್ಯಾಯವಿದೆ ಅನಿಸಿರಬೇಕು.

ರೆಹಿ ಬಾಯಲ್ಲಿದ್ದ ರಕ್ತ ನುಂಗಿದ. ಕುದುರೆ ನಿಂತಿದ್ದ ಕಡೆ ಒಮ್ಮೆ ನೋಡಿದ. "ಕೊಡ್ತೀನಿ ಮಾವ. ಭಾನುವಾರ ನಾನೇ ತರ್ತೀನಿ. ನಮ್ಮ ಮನೆತನದೋರು ಕೊಡೋ ಹಾಗೆ ಕೊಡ್ತೀನಿ, ಎಲ್ಲರ ಮುಂದೆ. ಅಲ್ಲೀವರೆಗೂ ಹಗ್ಗ ಯಾರೂ ಮುಟ್ಟಬಾರದು."

"ಗಂಡಸಿನ ಮಾತು," ಅಂದ ಲೆಂದೆ, ಅಳಿಯನ ಬೆನ್ನು ತಟ್ಟಿದ. ಹೋಗುವಾಗ ಎಲೆಅಡಿಕೆ ಚೀಲವನ್ನು ಅಲ್ಲೇ ಬಿಟ್ಟುಹೋದ.

ನಾನು ಕಿವಿ ಹೊಲಿಯುತ್ತಿದ್ದಾಗ ವಾದಾ ಬಾಯಿ ಮುಕ್ಕಳಿಸಿ ಬಂದು ಗಂಡನ ಎದುರು ಕೂತಳು. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ. ಮಾವಯ್ಯ ಬರಿಗಾಲಲ್ಲಿ ಹೋಗೋದನ್ನ ನೀನು ನೋಡ್ತಾ ನಿಂತಿರು."

"ಸುಮ್ನಿರು," ಅಂದ ರೆಹಿ. "ಕೊಡ್ತೀನಿ ಅಂದೆ. ಹೆಂಗೆ ಅಂತ ಅವನು ಕೇಳಲಿಲ್ಲ."

ಭಾನುವಾರ ಬಿಸಿಲು ಚೆನ್ನಾಗಿತ್ತು. ಸಭೆಯ ಅಂಗಳದ ಬೇಲಿಗೆ ಹಂದಿಗಳು, ಎರಡು ಎಮ್ಮೆ, ಕಾಲು ಕಟ್ಟಿದ ಕೋಳಿಗಳ ಗೊಂಚಲು. ಹಿಂದಿನ ಚಪ್ಪರದಲ್ಲಿ ಹೆಂಗಸರು ಊಟಕ್ಕೆ ಭತ್ತ ಕುಟ್ಟುತ್ತಿದ್ದರು. ರಸ್ತೆಯಲ್ಲಿ ವ್ಯಾಪಾರಿಯ ಲಾರಿ ಹಿಂಬಾಗಿಲು ತೆರೆದು ಕಾದಿತ್ತು. ಪಾದ್ರಿಯಮ್ಮ ಕರಿ ನಿಲುವಂಗಿಯಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು. ಲೆಂದೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಒಬ್ಬೊಬ್ಬರೂ ಮುಂದೆ ಬಂದು, ಮನಸಾರೆ ಕೊಡ್ತಿದೀನಿ ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹಿಂದಕ್ಕೆ ಹೋಗುತ್ತಿದ್ದರು. ಅಮ್ಮ ಪ್ರತಿಯೊಬ್ಬರಿಗೂ ಕೈಮುಗಿಯುತ್ತಿದ್ದರು.

ರೆಹಿ ಕೊನೆಯಲ್ಲಿ ಬಂದ. ಕುದುರೆಯ ಮೈ ತೊಳೆದು, ನೆತ್ತಿಗೆ ಕೆಂಪು ಬಟ್ಟೆ ಕಟ್ಟಿದ್ದ. ಕಂದು ಬಣ್ಣದ ಗಂಡು. ನಡೆಯುವಾಗ ನೆಲವನ್ನು ಮೆಚ್ಚದಂತೆ ಕಾಲೆತ್ತಿ ಇಡುತ್ತಿತ್ತು. ಕಟ್ಟುಪಟ್ಟಿಯಲ್ಲಿದ್ದ ರೆಹಿಯ ಕಿವಿಯನ್ನು ನೋಡಿ ಪಾದ್ರಿಯಮ್ಮ ಏನಾಯಿತು ಅಂದರು. "ಕುದುರೆಯಿಂದ ಬಿದ್ದ," ಅಂದ ಲೆಂದೆ.

ಇಲ್ಲಿ ಒಂದು ಮಾತು. ನಾವು ಕಣ್ಣಿಗೆ ಕಾಣುವವರಿಗೆ, ಅಂದರೆ ಬೀಗರಿಗೆ, ನೆಂಟರಿಗೆ, ಪ್ರಾಣಿಯನ್ನು ಜೀವಂತ ಕೊಡುತ್ತೇವೆ, ಅವರು ಹಗ್ಗ ಹಿಡಿದು ಕರೆದೊಯ್ಯುತ್ತಾರೆ. ಕಣ್ಣಿಗೆ ಕಾಣದವರಿಗೆ ಉಸಿರನ್ನು ಕೊಡುತ್ತೇವೆ, ಮಾಂಸವನ್ನು ನಾವು ಹಂಚಿಕೊಳ್ಳುತ್ತೇವೆ. ಕಾಣದ ದೇವರಿಗೆಂದು ಕೊಟ್ಟದ್ದು ಲಾರಿ ಹತ್ತಿ ಸಂತೆಗೆ ಹೋಗುವುದು ಹೇಗೆ ಎಂದು ಅಷ್ಟು ವರ್ಷ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ರೆಹಿ ಕುದುರೆಯನ್ನು ನೇರ ಮೆಟ್ಟಿಲಿಗೆ ತಂದ. ಅದರ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ, ಹೇಳಿದ: "ಪಿಯಾತಿ ಕಾಯ್ತಿದಾನೆ. ಹೋಗು." ಆಮೇಲೆ ಮಚ್ಚು ಎಳೆದು, ಕೆಳಗಿಂದ ಮೇಲಕ್ಕೆ, ಒಂದೇ ಬೀಸಿಗೆ ಗಂಟಲು ತೆರೆದ.

ಕುದುರೆ ಮೊದಲು ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಆಮೇಲೆ ರಕ್ತ ಕೊಡ ಒಡೆದಂತೆ ಮೆಟ್ಟಿಲ ಮೇಲೆ, ಕಾಣಿಕೆಯ ಬುಟ್ಟಿಗಳ ಮೇಲೆ, ಪಾದ್ರಿಯಮ್ಮನ ನಿಲುವಂಗಿಯ ಮೇಲೆ ಸುರಿಯಿತು. ಅದು ಹಿಂಗಾಲ ಮೇಲೆ ಎದ್ದಿತು, ಕೂಗಲು ಹೋಯಿತು, ಕೂಗು ಕುತ್ತಿಗೆಯಲ್ಲೇ ಗಾಳಿಯಾಗಿ ಹೊರಬಿತ್ತು. ಪಕ್ಕಕ್ಕೆ ಉರುಳಿ ಸಭೆಯ ಬಾಗಿಲಿಗೆ ಒದೆಯಿತು, ಒಂದು ಹಲಗೆ ಒಳಕ್ಕೆ ಹಾರಿಹೋಯಿತು. ಮುಂದಿನ ಸಾಲಿನಲ್ಲಿದ್ದ ಲೆಂದೆಯ ಆಳೊಬ್ಬನ ತೊಡೆಗೆ ಗೊರಸು ಬಿದ್ದು ಅವನು ಕೂತಲ್ಲೇ ಕೂತ. ಕಾಲುಗಳು ಇನ್ನೂ ಓಡುತ್ತಲೇ ಇದ್ದವು, ಮಲಗಿಕೊಂಡೇ, ತುಂಬ ಹೊತ್ತು.

"ಕೊಟ್ಟೆ ಮಾವ," ಅಂದ ರೆಹಿ. "ಮನಸಾರೆ."

ಲೆಂದೆಯ ಮಚ್ಚು ಈ ಸಲ ಒರೆಯಿಲ್ಲದೆ ಬಂತು. ತಲೆಗೇ ಬಂತು. ರೆಹಿಯ ಕೈಯಲ್ಲೂ ಮಚ್ಚಿತ್ತು, ಆದರೆ ಅವನು ಅದನ್ನು ಕೆಳಗೆ ಬಿಟ್ಟು ಬರಿಗೈ ಅಡ್ಡ ಹಿಡಿದ. ಎರಡು ಬೆರಳು ಹೋಗಿ ಕುದುರೆಯ ರಕ್ತದಲ್ಲಿ ಬಿದ್ದವು. ಲೆಂದೆ ಎರಡನೇ ಸಲ ಎತ್ತಿದ. ಅಷ್ಟರಲ್ಲಿ ಚಪ್ಪರದ ಕಡೆಯಿಂದ ವಾದಾ ಒನಕೆ ಹಿಡಿದು ಬಂದಿದ್ದಳು. ಅವಳಿಗೆ ಅವನು ಸೋದರಮಾವನಲ್ಲ. ಒನಕೆ ಇಳಿದಾಗ ಲೆಂದೆಯ ಭುಜದ ಮೂಳೆ ಮುರಿದ ಸದ್ದು ತರಗೆಲೆ ತುಳಿದಷ್ಟೇ ಆಯಿತು. ಅವನು ಕುದುರೆಯ ಹೊಟ್ಟೆಯ ಮೇಲೆ ಬಿದ್ದ.

ಆಮೇಲೆ ಎಲ್ಲರಿಗೂ ಅಪ್ಪಣೆ ಸಿಕ್ಕಂತಾಯಿತು. ಪಿಯಾತಿಯ ಮನೆತನದವರು ಒಂದು ಕಡೆ, ಲೆಂದೆಯ ಆಳುಗಳು ಒಂದು ಕಡೆ, ಯಾವ ಕಡೆಯೂ ಅಲ್ಲದ ತಂಗು ಎರಡೂ ಕಡೆ. ತಂಗು ಬೇಲಿಯ ಗೂಟ ಕಿತ್ತು, ಹಿಂದಿನ ವರ್ಷ ತನ್ನನ್ನು ಹಿಡಿದುಕೊಂಡಿದ್ದವನ ದವಡೆಯನ್ನು ಹುಡುಕಿಕೊಂಡು ಹೋಗಿ ಒಡೆದ. ಒಬ್ಬನ ಕೆನ್ನೆ ಬಾಯಿಯವರೆಗೆ ತೆರೆಯಿತು. ಒಬ್ಬ ಮುದುಕ ಬೆಂಚಿನ ಕೆಳಗೆ ಕೂತು, ಎದುರು ಸಿಕ್ಕ ಕಾಲುಗಳಿಗೆಲ್ಲ ಊರುಗೋಲಿನಿಂದ ಬಡಿಯುತ್ತಿದ್ದ, ಪಕ್ಷ ನೋಡದೆ. ಪಾದ್ರಿಯಮ್ಮ ಗಂಟೆಗೆಂದು ಕಟ್ಟಿದ್ದ ಹಳೇ ಲಾರಿಚಕ್ರದ ಕಬ್ಬಿಣದ ಬಳೆಯನ್ನು ಕೈ ಸೋಲುವವರೆಗೂ ಬಾರಿಸಿದರು. ಜನ ನಿಂತದ್ದು ಗಂಟೆಗಲ್ಲ, ಉಸಿರು ಸಾಲದೆ.

ಅಮ್ಮ ಮೆಟ್ಟಿಲ ಮೇಲೆ ಕೂತರು. ಅನುವಾದಕ ಕುದುರೆಯ ಪಕ್ಕದಲ್ಲಿ ನರಳುತ್ತಿದ್ದುದರಿಂದ ನನ್ನನ್ನು ಕರೆದರು. ಎರಡೇ ನಿಮಿಷದಲ್ಲಿ ಎಲ್ಲ ಹೇಳಿದೆ. ಲೆಂದೆ ಮನೆಮನೆಗೆ ಹೋಗುವ ರೀತಿ, ಆ ಕಿವಿ, ತಂಗುವಿನ ಹಲ್ಲು, ಪೆಟ್ಟಿಗೆಯಲ್ಲಿದ್ದ ಹೊದಿಕೆ. ಅವರು ಅಳುತ್ತಾರೆ ಅಂದುಕೊಂಡಿದ್ದೆ. ನಿಲುವಂಗಿಯ ಅಂಚನ್ನು ಹಿಂಡಿ ರಕ್ತ ತೆಗೆದು ಎದ್ದು ನಿಂತರು.

"ಕುದುರೆ ಯಾರಿಗೆ ಕೊಟ್ಟೆ?" ಎಂದು ರೆಹಿಯನ್ನು ಕೇಳಿದರು. ನಾನು ಅವನ ಕೈಗೆ ಬಟ್ಟೆ ಬಿಗಿಯುತ್ತಲೇ ಅದನ್ನು ನಮ್ಮ ಮಾತಿನಲ್ಲಿ ಕೇಳಿದೆ.

"ಕುದುರೆ ಸಭೆಗೆ. ಇಲ್ಲೇ ಬಿದ್ದಿದೆ, ತಗೊಳ್ಳಿ. ಸವಾರಿ ಅಪ್ಪನಿಗೆ. ಸವಾರಿ ನೀವು ಕೇಳಿರಲಿಲ್ಲ."

ಪಾದ್ರಿಯಮ್ಮ ಬೇಲಿಯ ಕಡೆ ತಿರುಗಿದರು. ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು, ನಾನು ಒಂದು ಪದವನ್ನೂ ಬಿಡದೆ ನಮ್ಮ ಮಾತಿನಲ್ಲಿ ಹೇಳಿದೆ: "ಹೆದರಿ ತಂದವರು, ನಾಚಿ ತಂದವರು, ತಮ್ಮ ಪ್ರಾಣಿಯ ಹಗ್ಗ ಬಿಚ್ಚಿಕೊಂಡು ಈಗಲೇ ಮನೆಗೆ ಹೋಗಿ. ಯಾರೂ ನಿಮ್ಮನ್ನು ಏನೂ ಅನ್ನುವುದಿಲ್ಲ."

ಒಬ್ಬರೂ ಕದಲಲಿಲ್ಲ. ಹಗ್ಗಕ್ಕೆ ಕೈ ಹಾಕುವುದು ಅಂದರೆ ನಾನು ಹೆದರಿದ್ದೆ ಎಂದು ಊರ ಮುಂದೆ ಒಪ್ಪಿಕೊಂಡ ಹಾಗೆ. ತಂಗುವಿನ ಕೈಯಲ್ಲಿ ಗೂಟ ಇನ್ನೂ ಇತ್ತು, ಗೂಟದ ತುದಿಯಲ್ಲಿ ಇನ್ನೊಬ್ಬನ ರಕ್ತ ಇತ್ತು. ಅವನ ಹಂದಿ ಅವನನ್ನೇ ನೋಡುತ್ತಿತ್ತು.

"ಏನೋ ತಂಗು?" ಅಂದೆ.

"ನಾನ್ಯಾಕೆ ಹೆದರಲಿ," ಅಂದ ತಂಗು. "ನಾನು ಮನಸಾರೆ ಕೊಟ್ಟಿದ್ದು."

ಮಾಂಸದ ಪ್ರಶ್ನೆ ಉಳಿಯಿತು. ದೇವರಿಗೆ ಕೊಟ್ಟದ್ದಾದರೆ ತಿನ್ನಬಹುದು, ಸತ್ತವನಿಗೆ ಕೊಟ್ಟದ್ದಾದರೆ ದೀಕ್ಷೆಯವರು ತಿನ್ನಬಾರದು. ಹಿರಿಯರು ಇದನ್ನು ಬಹಳ ಆಳವಾಗಿ ಚರ್ಚಿಸಿದರು. ಚರ್ಚೆ ಮುಗಿಯುವ ಹೊತ್ತಿಗೆ ಎಲುಬು ಮಾತ್ರ ಉಳಿದಿತ್ತು.

ಮರುದಿನ ಮಧ್ಯಾಹ್ನ ನಾನು ಲೆಂದೆಯ ಮನೆಗೆ ಭುಜದ ಕಟ್ಟು ನೋಡಲು ಹೋದೆ. ಸೋಮವಾರ ಬರಬೇಕಾಗಿದ್ದ ಹೊದಿಕೆ ಇನ್ನೂ ಅವನ ಪೆಟ್ಟಿಗೆಯಲ್ಲೇ ಇತ್ತು. ಗಾಳಿ ತಿರುಗಿದಾಗಲೆಲ್ಲ ಪಿಯಾತಿಯ ಮನೆಯ ಕಡೆಯಿಂದ ವಾಸನೆ ಬರುತ್ತಿತ್ತು. ಅಲ್ಲಿ ಗಂಡಸರು ದೊಂದಿ ಕಟ್ಟುತ್ತಿದ್ದಾರೆ, ಲೆಂದೆಯ ಹುಲ್ಲಿನ ಮಾಡಿಗೆ ಬೆಂಕಿ ಇಡುತ್ತಾರೆ, ರೆಹಿ ಬೇಡ ಎಂದು ಬಾಗಿಲಿಗೆ ಅಡ್ಡ ಮಲಗಿದ್ದಾನೆ ಎಂದು ಸುದ್ದಿ.

"ಇಡಲಿ," ಅಂದ ಲೆಂದೆ. "ಪೆಟ್ಟಿಗೇನೂ ಜೊತೇಗೆ ಉರಿಯುತ್ತೆ. ಭಾವ ಕೊಳೀಲಿ ಅಲ್ಲೇ."

ಜಗಲಿಯಲ್ಲಿ ಅವನ ಇಬ್ಬರು ಆಳುಗಳು ಮಚ್ಚು ಮಸೆಯುತ್ತಿದ್ದರು. ಆಗ ಕೋನಿ ಬಂದಳು. ಗಂಡ ಸತ್ತಾಗಿನಿಂದ ಮೂಲೆ ಬಿಟ್ಟು ಎದ್ದಿರದ ಹೆಂಗಸು. ಕಾಲು ಜೋಮು ಹಿಡಿದವರ ಹಾಗೆ ನಡೆಯುತ್ತಿದ್ದಳು. ಪಿಯಾತಿಯ ಮಚ್ಚು ಅವಳ ಸೊಂಟದಲ್ಲಿತ್ತು. ಹೆಂಗಸರು ಮಚ್ಚು ಕಟ್ಟುವ ಪದ್ಧತಿ ಇಲ್ಲ.

"ಬಾ ಅಕ್ಕ. ಎಲೆ ಹಾಕ್ಕೋ," ಅಂದ ಲೆಂದೆ.

ಅವಳು ಎಲೆಯ ಕಡೆ ನೋಡಲಿಲ್ಲ. ಏಣಿ ಹತ್ತದೆ, ಬಾಗಿ, ಕಂಬಗಳ ಮೇಲೆ ನಿಂತ ಮನೆಯ ನೆಲಹಲಗೆಯ ಕೆಳಗಿನ ಹಂದಿಗೂಡಿಗೆ ನುಗ್ಗಿದಳು. ನಮ್ಮ ಕಾಲ ಕೆಳಗೇ ಹಂದಿ ಅರಚಿತು. ಉದ್ದಕ್ಕೆ, ಆಮೇಲೆ ಗೊರಗೊರ, ಆಮೇಲೆ ಇಲ್ಲ. ಏಣಿ ಹತ್ತಿ ಬಂದಾಗ ಮೊಣಕೈವರೆಗೆ ಕೆಂಪಾಗಿದ್ದಳು.

"ತವರಿಂದ ಹೊದಿಕೆ ಜೊತೆ ಬರಬೇಕಾದ ಹಂದಿ ತಗೊಂಡೆ."

"ಅದು ಸಭೆಗೆ ಅಂತ ಇಟ್ಟಿದ್ದು."

"ಸಭೆಗೆ ನೀನೂ ಕೊಡ್ತೀಯಾ? ಗೊತ್ತೇ ಇರಲಿಲ್ಲ."

ಆಳುಗಳಲ್ಲಿ ಚಿಕ್ಕವನು ಎದ್ದ. ಅವಳು ಅವನ ಕಡೆ ತಿರುಗದೆ ಬೀಸಿದಳು. ಮುಂಗೈ ಚರ್ಮ ಬಾಳೆಸಿಪ್ಪೆಯಂತೆ ಬಿಚ್ಚಿಕೊಂಡಿತು. "ಕೂತ್ಕೋ ಮಗಾ," ಅಂದಳು. "ನಿಂಗೆ ಹಾಲು ಕುಡಿಸಿದೀನಿ." ಅವನು ಕೂತ. ದೊಡ್ಡವನು ಕೂತೇ ಇದ್ದ.

"ಬಟ್ಟೆ ಆ ಪೆಟ್ಟಿಗೇಲಿದೆ," ಅಂದ ಲೆಂದೆ. "ಒಡೆದು ಕಿತ್ಕೊಂಡು ಹೋಗು. ನಂಗೆ ಒಂದು ಕೈ ಇಲ್ಲ, ತಡೆಯೋದು ಯಾರು."

"ಕಿತ್ಕೊಂಡ ಬಟ್ಟೆ ಹೊದಿಸಿದ್ರೆ ಅವನು ಬೆತ್ತಲೆ ಹೋದ ಹಾಗೇನೇ. ನಿಂಗೂ ಗೊತ್ತು. ನೀನೇ ಎತ್ಕೊಂಡು ಬರ್ಬೇಕು. ಮನಸಾರೆ ತಂದೆ ಅನ್ಬೇಕು."

"ಮನಸಿಲ್ಲ."

"ಬರುತ್ತೆ." ಮಚ್ಚಿನ ಅಂಚನ್ನು ತಮ್ಮನ ಕುತ್ತಿಗೆಗೆ, ನಾನು ಭುಜಕ್ಕೆ ಕಟ್ಟಿದ್ದ ಪಟ್ಟಿಯ ಗಂಟಿಗಿಂತ ಮೇಲೆ, ಇಟ್ಟಳು. "ಕಾಯ್ತೀನಿ."

ಅಲಗು ಹಂದಿಯ ರಕ್ತದಿಂದ ಒದ್ದೆಯಾಗಿತ್ತು. ಅದರ ಕೆಳಗೆ ಇನ್ನೊಂದು ಗೆರೆ ಸಣ್ಣಗೆ ಇಳಿಯತೊಡಗಿತು, ಅದು ಹಂದಿಯದಲ್ಲ.

"ಕಂಪೌಂಡರೇ," ಅಂದ ಲೆಂದೆ, ತಲೆ ಅಲ್ಲಾಡಿಸದೆ. "ನೀವಾದ್ರೂ ಹೇಳಿ."

"ಕುತ್ತಿಗೆ ಹೊಲಿದು ನಂಗೆ ಅಭ್ಯಾಸ ಇಲ್ಲ ಯಜಮಾನ್ರೇ."

"ಊರವರಿಗೆಲ್ಲ ಮನಸು ಬರಿಸಿದೋನು ನೀನು," ಅಂದಳು ಕೋನಿ. "ನಿಂಗೊಬ್ಬನಿಗೆ ಬರಲ್ವಾ?" ಅಲಗು ಒಂದು ಅಕ್ಕಿಕಾಳಿನಷ್ಟು ಒಳಗೆ ಹೋಯಿತು. ಲೆಂದೆಯ ಹೆಂಡತಿ ಪೆಟ್ಟಿಗೆಯ ಬೀಗದ ಕೈ ತಂದು ಗಂಡನ ಕಾಲ ಬಳಿ ಇಟ್ಟು, ಮತ್ತೆ ಒಳಗೆ ಹೋದಳು.

ಲೆಂದೆ ಎದ್ದ.

ದಾರಿಯುದ್ದಕ್ಕೂ ಅವನು ಮುಂದೆ, ಸರಿಯಿದ್ದ ಹೆಗಲ ಮೇಲೆ ಮಡಿಸಿದ ಹೊದಿಕೆ. ಎರಡು ಹೆಜ್ಜೆ ಹಿಂದೆ ಕೋನಿ, ಮಚ್ಚು ಒರೆಗೆ ಹಾಕದೆ. ಜನ ಜಗಲಿಗಳಿಂದ ಇಳಿದು ಹಿಂಬಾಲಿಸಿದರು. ದೊಂದಿ ಕಟ್ಟುತ್ತಿದ್ದವರು ದೊಂದಿ ಕೆಳಗಿಟ್ಟರು. ಪಿಯಾತಿಯನ್ನು ಹೊರಗೆ ತಂದು ಗೋರಿಯ ಮುಂದೆ ಕೂರಿಸಿದ್ದಾಗ, ಎರಡೂ ಮನೆಗಳ ನಡುವೆ ಮಾತು ನಡೆಸುವ ಮುದುಕ ಪದ್ಧತಿಯಂತೆ ಕೇಳಿದ: "ಹೆಣ್ಣು ಕೊಟ್ಟ ಮನೆಯವನೇ, ಈ ಹೊದಿಕೆ ಹೇಗೆ ಬಂತು?"

"ನನ್ನ ಮನಸಿಂದ ಬಂತು," ಅಂದ ಲೆಂದೆ. ಅವನ ಅಂಗಿಯ ಕೊರಳಪಟ್ಟಿ ನೆನೆದಿತ್ತು. ಮುದುಕ ಅದನ್ನು ನೋಡಿದ, ಕೋನಿಯನ್ನು ನೋಡಿದ, ಸರಿ ಎಂದು ತಲೆಯಾಡಿಸಿದ. ಪಾದ್ರಿಯಮ್ಮ ದೂರದಲ್ಲಿ, ಬೇಲಿಯಾಚೆ, ನಿಂತಿದ್ದರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ಹೊದಿಸುವ ಕೆಲಸ ಕೊಟ್ಟವನದೇ. ಲೆಂದೆ ಒಂದೇ ಕೈಯಲ್ಲಿ ಬಟ್ಟೆ ಬಿಡಿಸಿದ, ಭಾವನ ತಲೆಯ ಮೇಲಿಂದ ಎಳೆದ, ಬೆನ್ನಿಗೆ ಸಿಕ್ಕಿಸಿದ. ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಂಡಿದ್ದರು, ಅವನಿಗೆ ಮುಚ್ಚಲು ಕೈಯಿರಲಿಲ್ಲ. ಕಾಲಿನ ಹತ್ತಿರ ಬಂದು, ಎಲ್ಲರೂ ಮಾಡುವಂತೆ, ತುದಿಗಳನ್ನು ಸೇರಿಸಿ ಬಿಗಿಯಾಗಿ ಗಂಟು ಹಾಕಿದ. ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ಗಂಡಸರು ಮುಚ್ಚಳದ ಕಲ್ಲಿಗೆ ಹಗ್ಗ ಬಿಗಿಯತೊಡಗಿದ್ದರು.

ಲೆಂದೆ ಏಳಲಿಲ್ಲ. ಗಂಟನ್ನು ನೋಡುತ್ತ ಕೂತಿದ್ದ. ಆಮೇಲೆ ಬಾಗಿ, ಹಲ್ಲಿನಿಂದ ಕಚ್ಚಿ ಅದನ್ನು ಬಿಚ್ಚಿದ. ಬಟ್ಟೆಯ ಅಂಚುಗಳನ್ನು ಒಂದು ಮೊಣಕಾಲಿನ ಆಚೆಗೆ, ಇನ್ನೊಂದರ ಆಚೆಗೆ ಸರಿಸಿ, ನಡುವೆ ಗಂಡಸೊಬ್ಬ ಕುದುರೆಯ ಮೇಲೆ ಕಾಲು ಇಳಿಬಿಟ್ಟು ಕೂರುವಷ್ಟು ಅಗಲ ಬಿಟ್ಟ. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಪದ್ಧತಿಯಲ್ಲೂ ಅದು ಇಲ್ಲ.

"ಬಿಗಿ ಕಟ್ಟಿದ್ರೆ ಹತ್ತೋಕಾಗಲ್ಲ," ಅಂದ, ಯಾರಿಗೂ ಅಲ್ಲದಂತೆ.

ಕೋನಿ ಮಚ್ಚನ್ನು ಹುಲ್ಲಿಗೆ ಒರೆಸಿ ಒರೆಗೆ ಹಾಕಿದಳು. ರೆಹಿ ಸರಿಯಿದ್ದ ಕೈ ಚಾಚಿ ಸೋದರಮಾವನನ್ನು ಎಬ್ಬಿಸಿದ. ಮೂಳೆ ಅಲುಗಿ ಲೆಂದೆ ಕೆಟ್ಟದಾಗಿ ಬೈದ. ಆಮೇಲೆ ಹಗ್ಗ ಹಿಡಿದವರು ಕಲ್ಲು ಎಳೆದರು.